ಮನೆ ಕೆಲಸ ಮುಗಿದ ಮೇಲೆ ರಾಕೆಟ್ಟೇ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಶಿಕ್ಷಕಿ, ವಯಸ್ಸು 49. 2023ರ ಜುಲೈ 14ರಂದು ಚಂದ್ರಯಾನ-3 ಮೇಲೇರಿದ್ದನ್ನು ಶಾಲೆಯ ಟಿವಿಯಲ್ಲಿ ಮಕ್ಕಳ ಜೊತೆ ಕೂತು ನೋಡಿದೆ. ಅಂದಿನಿಂದ ಶ್ರೀಹರಿಕೋಟಾಕ್ಕೆ ಹೋಗಿ ಒಂದು ರಾಕೆಟ್ ಕಣ್ಣಾರೆ ನೋಡುವ ಆಸೆ. ಯಜಮಾನರು ನಿವೃತ್ತರು. ಕೇಳಿದಾಗಲೆಲ್ಲ "ಮನಿ ಕೆಲಸ ಮುಗೀಲಿ, ಆಮ್ಯಾಲ ಹೋಗೋಣ" ಅನ್ನುತ್ತಾರೆ. ಮಾಳಿಗೆ ಬಿರುಕು, ಸುಣ್ಣ-ಬಣ್ಣ, ಬಚ್ಚಲ ನಲ್ಲಿ, ಈಗ ಅಡುಗೆಕಟ್ಟೆಗೆ ಕಡಪ ಕಲ್ಲು. ದಾಸರ ಪದ ಹಾಡಿಕೊಳ್ಳುತ್ತ ಎಲ್ಲವನ್ನೂ ತಾವೇ ಮಾಡುತ್ತಾರೆ. ಸಂಜೆ ಒಗ್ಗರಣಿ-ಮಿರ್ಚಿ ತರಿಸಿಕೊಂಡು ಮಾಳಿಗೆ ಹತ್ತಿ ಕೂರುತ್ತಾರೆ. ಅತ್ತೆ "ಈ ವಯಸ್ಸಿನಾಗ ಇದೇನವ್ವಾ" ಎಂದು ನಗುತ್ತಾರೆ. ನನ್ನದು ಹುಡುಗಾಟವೇ?
– ಹೆಸರು ಬೇಡ, ರಾಯಚೂರು

ಹುಡುಗಾಟವೇ ಇರಲಿ, ಅದರಿಂದ ಯಾರ ಗಂಟು ಹೋಯಿತು?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮವರ ಮೇಲೆ ಸಿಟ್ಟು ಬಂತು. ಎರಡನೇ ಸಲ ಆ ದಾಸರ ಪದದ ಹತ್ತಿರ ನಿಂತೆ. ಬೇಸರದ ಕೆಲಸ ಮಾಡುವವರು ಹಾಡುವುದಿಲ್ಲ ತಾಯೀ. ನಲ್ಲಿ ಬಿಚ್ಚುವುದು, ಸುಣ್ಣ ಬಳಿಯುವುದು, ಸಂಜೆ ಮಾಳಿಗೆ ಮೇಲೆ ಕೂತು ತಾವು ಮಾಡಿದ್ದನ್ನು ತಾವೇ ನೋಡಿ ಖುಷಿಪಡುವುದು, ಇದೇ ಅವರ ರಾಕೆಟ್. ಹಾಗಾಗಿ ಆ ಮನೆ ಕೆಲಸ ಮುಗಿಯುವುದಿಲ್ಲ. ಮುಗಿಯಲಿ ಅಂತ ಅವರಿಗೂ ಇಲ್ಲ. ಕಡಪ ಕಲ್ಲು ಕೂತ ಮರುದಿನ ಗೇಟಿನ ಕೀಲು ಕಿರುಗುಟ್ಟುತ್ತದೆ, ನೋಡುತ್ತಿರಿ.

ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಆ "ಆಮ್ಯಾಲ"ವನ್ನು ನಂಬಿ ಕೂತದ್ದು ನಿಮ್ಮ ತಪ್ಪು. ಅವರ ಸಂತೋಷ ಮನೆಯಲ್ಲೇ ಇದೆ, ದಿನಾ ಸಿಗುತ್ತದೆ. ನಿಮ್ಮದು ಬಂಗಾಳ ಕೊಲ್ಲಿಯ ದಂಡೆಯಲ್ಲಿದೆ, ರೈಲು ಹತ್ತಬೇಕು. ಇಬ್ಬರೂ ಒಂದೇ ಕಡೆ ಖುಷಿಪಡಬೇಕೆಂದು ಎಲ್ಲಿ ಬರೆದಿದೆ?

ಒಂದು ಮಾತು ಮಾತ್ರ ಅವರ ಪರವಾಗಿ. ಮಾಳಿಗೆ ಬಿರುಕು ನಿಜವಾದ ಕೆಲಸ. ನಿಮ್ಮೂರಿನ ಬಿಸಿಲಿಗೆ ಹಗಲು ಹಿಗ್ಗಿ ರಾತ್ರಿ ಕುಗ್ಗುವ ಛಾವಣಿಯ ಬಿರುಕು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮಳೆಗಾಲಕ್ಕೆ ಮೊದಲು ಅದನ್ನು ಮುಗಿಸಿಕೊಳ್ಳಲಿ, ನೀವೂ ಒಂದು ಭಾನುವಾರ ಕೈಜೋಡಿಸಿ. ಬಣ್ಣ, ಕಲ್ಲು, ನಲ್ಲಿ ಕಾಯುತ್ತವೆ.

ಆಮೇಲೆ ಹೊರಡಿ. ಅವರು ಬಂದರೆ ಸರಿ, ಇಲ್ಲದಿದ್ದರೆ ಸಹೋದ್ಯೋಗಿ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಉಡಾವಣೆಗೆ ಕೆಲವು ದಿನ ಮೊದಲು ಇಸ್ರೋ ಜಾಲತಾಣದಲ್ಲಿ ವೀಕ್ಷಕರ ಗ್ಯಾಲರಿಗೆ ನೋಂದಣಿ ತೆರೆಯುತ್ತದೆ, ಬೇಗ ತುಂಬುತ್ತದೆ. ಆಧಾರ್ ಜೊತೆಗಿರಲಿ. ರಾಯಚೂರಿನಿಂದ ಚೆನ್ನೈಗೆ ನೇರ ರೈಲಿದೆ, ಅಲ್ಲಿಂದ ಲೋಕಲ್ ಹಿಡಿದು ಸೂಳ್ಳೂರುಪೇಟೆಯಲ್ಲಿ ಇಳಿಯಬೇಕು. (ದಾರಿಯಲ್ಲಿ ಕಡಪ ಬರುತ್ತದೆ. ಅಡುಗೆಕಟ್ಟೆಯ ಕಲ್ಲಿನ ತವರು ನೋಡಿದೆ ಅಂತ ಮನೆಗೆ ಫೋನ್ ಮಾಡಿ.)

ರಜೆ ಬಿಗಿಯಾಗಿ ಹಾಕಬೇಡಿ. ಚಂದ್ರಯಾನ-2 ಏರಬೇಕಿದ್ದದ್ದು 2019ರ ಜುಲೈ 15ರ ನಸುಕಿಗೆ. ಇನ್ನು 56 ನಿಮಿಷ ಇದೆ ಅನ್ನುವಾಗ ದೋಷ ಕಂಡು ಎಣಿಕೆ ನಿಲ್ಲಿಸಿದರು. ಏರಿದ್ದು 22ಕ್ಕೆ. ಅಷ್ಟು ದೂರ ಹೋದವರು ಬರಿಗೈಲಿ ವಾಪಸಾದರು. ನಿಮಗೂ ಹಾಗಾಗಬಹುದು. ಆಗ ಮನೆಯಲ್ಲಿ "ಹೇಳಿರಲಿಲ್ಲೇನು" ಅನ್ನುತ್ತಾರೆ. ಅನ್ನಲಿ, ಇನ್ನೊಂದು ಸಲ ಹೋಗಿ. ಏರಿದರೆ, ಬೆಂಕಿ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಟಿವಿಯಲ್ಲಿ ಎರಡೂ ಒಟ್ಟಿಗೇ ಬರುತ್ತವಲ್ಲ, ಆ ನಡುವಿನ ಮೌನ ಮಕ್ಕಳಿಗೆ ಹೇಳಲು ಒಳ್ಳೆಯ ಪಾಠ.

ಅಲ್ಲಿಯವರೆಗೆ ಸಂಜೆ ನೀವೂ ಮಾಳಿಗೆ ಹತ್ತಿ. ಬಾಹ್ಯಾಕಾಶ ನಿಲ್ದಾಣ ಕೆಲವು ಸಂಜೆ ನಮ್ಮ ನೆತ್ತಿಯ ಮೇಲೇ ಹಾಯುತ್ತದೆ. ಸುಮಾರು 400 ಕಿಲೋಮೀಟರ್ ಎತ್ತರ, ಬರಿಗಣ್ಣಿಗೆ ಮಿನುಗದ ಚುಕ್ಕೆಯಂತೆ ನಾಲ್ಕೈದು ನಿಮಿಷ ಕಾಣುತ್ತದೆ. ಸಮಯ ಮೊದಲೇ ನೋಡಿಟ್ಟುಕೊಂಡು ನಿಮ್ಮವರಿಗೆ ಬೆರಳು ಮಾಡಿ ತೋರಿಸಿ. ಅತ್ತೆಯನ್ನೂ ಕರೆಯಿರಿ. ಆ ನಗುವಿನಲ್ಲಿ ನನಗೆ ವಿಷ ಕಾಣಲಿಲ್ಲ.

ರೈಲಿಗೆ ಒಗ್ಗರಣಿ ಕಟ್ಟಿಕೊಳ್ಳಿ. ಮಿರ್ಚಿ ಮಾತ್ರ ಸ್ಟೇಷನ್ನಿನಲ್ಲೇ ತಿಂದುಬಿಡಿ, ಗುಂತಕಲ್ಲು ಬರುವಷ್ಟರಲ್ಲಿ ಮೆತ್ತಗಾಗುತ್ತದೆ.