ಕಿಬೇರಾದ ಶಾಲೆಗೆ ಏನು ಒಯ್ಯಲಿ?

ಪ್ರಶ್ನೆ: ನನ್ನ ಯಜಮಾನರಿಗೆ ನೈರೋಬಿಗೆ ವರ್ಗವಾಗಿದೆ. ಜುಲೈ ಕೊನೆಗೆ ಹೊರಡುತ್ತೇವೆ. ಅಲ್ಲಿನ ಕಿಬೇರಾ ಕೊಳೆಗೇರಿಯ ಶಾಲೆಯೊಂದರಲ್ಲಿ ಆಗಸ್ಟ್‌ನಲ್ಲಿ ಎರಡು ವಾರ ಇಂಗ್ಲಿಷ್ ಹೇಳಿಕೊಡೋಣ ಅಂತ ನಾಲ್ಕು ಜನ ಗೆಳತಿಯರು ಮಾತಾಡಿಕೊಂಡಿದ್ದೇವೆ. ಪೆನ್ನು, ಬಣ್ಣದ ಪುಸ್ತಕ, ಚಾಕೊಲೇಟ್ ಎಲ್ಲ ಕೊಂಡಾಗಿದೆ. ನೀವು ಅಲ್ಲಿದ್ದು ಬಂದವರು. ಇನ್ನೇನು ಒಯ್ಯಬೇಕು, ಮೇಡಂ?
– ಓದುಗಿ, ಮೈಸೂರು

ಉತ್ತರ: ಮೊದಲು ತಿಂಗಳು ಬದಲಿಸಿ. ಆಗಸ್ಟ್‌ನಲ್ಲಿ ಬಹುಪಾಲು ದಿನ ಅಲ್ಲಿ ಶಾಲೆಗೆ ಬೀಗ. ಕೀನ್ಯಾದಲ್ಲಿ ಶಾಲೆ ಶುರುವಾಗುವುದು ಜನವರಿಗೆ. ವರ್ಷಕ್ಕೆ ಮೂರು ಟರ್ಮ್. ಏಪ್ರಿಲ್, ಆಗಸ್ಟ್‌ನಲ್ಲಿ ಸಣ್ಣ ರಜೆ, ವರ್ಷದ ಕೊನೆಗೆ ದೊಡ್ಡ ರಜೆ.

ಪೆನ್ನಿನ ವಿಷಯಕ್ಕೆ ಬರೋಣ. ನಾನೂ ಒಯ್ದಿದ್ದೆ! ತಿಪಟೂರಿನ ಹತ್ತಿರ 31 ವರ್ಷ ಪಾಠ ಮಾಡಿ ನಿವೃತ್ತಳಾಗಿ ಮಗಳ ಮನೆಗೆ ಹೋಗಿದ್ದೆ. ಸುಮ್ನೆ ಕೂರಲಾಗದೆ ವಾರಕ್ಕೆ ಎರಡು ದಿನ ಕಿಬೇರಾದ ಒಂದು ಶಾಲೆಗೆ ಹೊರಟೆ. ಮೊದಲ ದಿನ ನನ್ನ ಚೀಲದಲ್ಲಿ 40 ಪೆನ್ನು, ಮೂರನೇ ತರಗತಿಯಲ್ಲಿ 63 ಮಕ್ಕಳು. ಇಷ್ಟು ವರ್ಷ ಹಾಜರಿ ಕೂಗಿದವಳಿಗೆ ಎಣಿಸಿಕೊಂಡು ಹೋಗಬೇಕು ಅಂತ ಹೊಳೆಯಲಿಲ್ಲ ನೋಡಿ. ಆಮೇಲಿನ ಜಗಳ ಬಿಡಿಸಲು ಅಲ್ಲಿನ ಟೀಚರ್‌ಗೆ ಒಂದು ಪೀರಿಯಡ್ ಹಿಡಿಯಿತು.

ಮುಂದಿನ ಪೀರಿಯಡ್ ನಾನೇ ತೆಗೆದುಕೊಂಡೆ. ಬೋರ್ಡಿನ ಮೇಲೆ ಬಣ್ಣಗಳ ಹೆಸರು ಬರೆದು ಇಂಗ್ಲಿಷ್ ಕಲಿಸಲು ಹೊರಟರೆ, ಮುಂದಿನ ಬೆಂಚಿನ ಹುಡುಗಿ ಎದ್ದು ಇಂಗ್ಲಿಷ್ ಪಾಠವನ್ನು ಒಂದೇ ಉಸಿರಿಗೆ ಓದಿಬಿಟ್ಟಳು. ಟೀಚರ್ ಹಿಂದೆ ಕೂತಿದ್ದರು. ಪಾಪ, ವಿಶ್ರಾಂತಿ ಸಿಕ್ಕಿತು ಅಂದುಕೊಂಡಿದ್ದೆ. ಚಹಾ ಕುಡಿಯುವಾಗ ಆಕೆ ನಗುತ್ತಲೇ ಅಂದರು: "ಈ ಟರ್ಮಿನಲ್ಲಿ ಬಂದವರಲ್ಲಿ ನೀವು ನಾಲ್ಕನೆಯವರು. ಎಲ್ಲರೂ ಬಣ್ಣಗಳನ್ನೇ ಹೇಳಿಕೊಡುತ್ತೀರಿ. ನನ್ನ ಭಾಗಾಕಾರ ಹಾಗೇ ಉಳಿಯುತ್ತದೆ."

ಅವತ್ತಿಂದ ಬೋರ್ಡಿನ ಹತ್ತಿರ ಹೋಗಲಿಲ್ಲ. ಹಿಂದೆ ಕೂತು 63 ನೋಟ್‌ಬುಕ್ ತಿದ್ದಿದೆ. ಓದಲು ತಡವರಿಸುವ ಮಕ್ಕಳನ್ನು ಒಬ್ಬೊಬ್ಬರಾಗಿ ಬಾಗಿಲ ಹೊರಗೆ ಕೂರಿಸಿಕೊಂಡು ಓದಿಸಿದೆ. ಟೀಚರ್ ಭಾಗಾಕಾರ ಮುಗಿಸಿದರು. ನೀವೂ ಹೋದ ಮೊದಲ ದಿನ "ನಾನೇನು ಪಾಠ ಮಾಡಲಿ" ಅನ್ನಬೇಡಿ, "ನಿಮಗೆ ಯಾವ ಕೆಲಸ ಜಾಸ್ತಿಯಾಗಿದೆ" ಅಂತ ಕೇಳಿ. ನಾಲ್ಕು ಜನ ಒಟ್ಟಿಗೆ ಹೋಗಲೂಬೇಡಿ. ಆ ಕೋಣೆಗಳಲ್ಲಿ ಮಕ್ಕಳು ಕೂರುವುದಕ್ಕೇ ಜಾಗ ಸಾಲದು.

ಕೀನ್ಯಾದ ಸರ್ಕಾರಿ ಶಾಲೆಗಳಲ್ಲಿ 2003ರಿಂದ ಪ್ರಾಥಮಿಕ ಶಿಕ್ಷಣಕ್ಕೆ ಶುಲ್ಕವಿಲ್ಲ. ಆದರೆ ಕಿಬೇರಾದಲ್ಲಿ ಸರ್ಕಾರಿ ಶಾಲೆ ಕಡಿಮೆ, ಮಕ್ಕಳು ಜಾಸ್ತಿ. ಹಾಗಾಗಿ ಅಲ್ಲಿನವರೇ ಕಟ್ಟಿಕೊಂಡ ಸಣ್ಣ ಶಾಲೆಗಳು ಬಹಳ. ಗೋಡೆ, ಸೂರು ಎಲ್ಲ ತಗಡು. ಮಬಾಟಿ ಅನ್ನುತ್ತಾರೆ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ. ಮಬಾಟಿ ಮೇಲೆ ಮಳೆ ಬಿದ್ದರೆ ಟೀಚರ್ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ.

ಚಾಕೊಲೇಟ್ ಬದಲು ಊಜಿಗೆ ದುಡ್ಡು ಕೊಡಿ. ಊಜಿ ಅಂದರೆ ಗಂಜಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಪ್ಲಾಸ್ಟಿಕ್ ಲೋಟ ಹಿಡಿದು ಮಕ್ಕಳು ಸಾಲು ನಿಲ್ಲುತ್ತಿದ್ದರು. ಮೊದಲ ಗುಟುಕಿಗೇ ನನಗೆ ಗೊತ್ತಾಯಿತು, ಇದು ರಾಗಿ! ಅಲ್ಲಿ ವಿಂಬಿ ಅನ್ನುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾವೇ ಅಲ್ವಾ? ನಾವು ಉಪ್ಪು ಮಜ್ಜಿಗೆ ಬೆರೆಸಿ ಅಂಬಲಿ ಮಾಡುತ್ತೇವೆ, ಅವರು ಸಕ್ಕರೆ ಹಾಕುತ್ತಾರೆ. ನಾವು ಅದೇ ಹಿಟ್ಟಿನಲ್ಲಿ ಮುದ್ದೆ ಮಾಡಿ ಅಗಿಯದೆ ನುಂಗುತ್ತೇವೆ ಅಂದಾಗ ಮಕ್ಕಳು ನಂಬಲೇ ಇಲ್ಲ. ಹಿಟ್ಟು ಖಾಲಿಯಾಗಿ ಊಜಿ ಇಲ್ಲದ ವಾರ ಹಾಜರಿ ಇಳಿಯುತ್ತಿತ್ತು. ನಮ್ಮಲ್ಲಿ ಬಿಸಿಯೂಟ ಬಂದಾಗ ಹಾಜರಿ ಏರಿದ್ದನ್ನು ಕಂಡವಳು ನಾನು, ಯಾರೂ ವಿವರಿಸಬೇಕಾಗಲಿಲ್ಲ.

ಅಲ್ಲಿ ಎಲ್ಲರೂ ದುಡ್ಡು ಕಳಿಸುವುದು ಮೊಬೈಲಿನ ಎಂ-ಪೆಸಾದಲ್ಲಿ. ಯಾರದೋ ಸ್ವಂತ ನಂಬರಿಗೆ ಹಾಕಬೇಡಿ. ಶಾಲೆಯ ಖಾತೆಗೇ ಹಾಕಿ. ಮುಖ್ಯ ಶಿಕ್ಷಕರಿಗೂ ಪೋಷಕರಿಗೂ ಮೊತ್ತ ಗೊತ್ತಿರಲಿ.

ಇನ್ನೆರಡು ಮಾತು. ಸಂಬಳ ಇಲ್ಲದಿದ್ದರೂ ಅಲ್ಲಿನ ಕಾನೂನಿಗೆ ಅದು ಕೆಲಸವೇ. ಪರವಾನಗಿ ಬೇಕು, ಶಾಲೆಯ ಕಡೆಯಿಂದ ಮೊದಲೇ ವಿಚಾರಿಸಿ. ಮತ್ತೆ, ಸಾಮಾನನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಬೇಡಿ. 2017ರಿಂದ ಕೀನ್ಯಾದಲ್ಲಿ ಅದಕ್ಕೆ ನಿಷೇಧ. ಬಟ್ಟೆ ಚೀಲ ಇರಲಿ. ಮಕ್ಕಳು ನಿಮ್ಮನ್ನು "ಮುಹಿಂದಿ" ಅಂತ ಕೂಗಿದರೆ ಬೇಜಾರು ಬೇಡ. ಇಂಡಿಯಾದವರು ಅಂತ ಅಷ್ಟೆ.

ಪ್ರಶ್ನೆ: ನನ್ನ ತಮ್ಮನ ಮಗ ಹೊರದೇಶದ ಬಡ ಶಾಲೆಗೆ ಹೋಗಿ ಬಂದ. ಮಕ್ಕಳ ಜೊತೆಗಿನ ಫೋಟೋ ಹಾಕಿದ್ದಕ್ಕೆ ಯಾರೋ ಬೈದರಂತೆ. ಪ್ರೀತಿಯಿಂದ ಹಾಕಿದರೂ ತಪ್ಪೇ?
– ಓದುಗರು, ಶಿವಮೊಗ್ಗ

ಉತ್ತರ: ನಮ್ಮ ಶಾಲೆಗೆ ಒಮ್ಮೆ ದಾನಿಗಳು ಬಂದು ಬ್ಯಾಗ್ ಕೊಟ್ಟರು. ಮಾರನೇ ದಿನ ಪತ್ರಿಕೆಯಲ್ಲಿ ಫೋಟೋ, ಕೆಳಗೆ "ಬಡ ಮಕ್ಕಳಿಗೆ ನೆರವು". ಫೋಟೋದಲ್ಲಿದ್ದ ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬಂದಾಗ ಹಳೇ ಬ್ಯಾಗನ್ನೇ ತಂದ. ಕೀನ್ಯಾದಲ್ಲಂತೂ 2019ರ ಕಾನೂನಿನ ಪ್ರಕಾರ ಮಕ್ಕಳ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು, ಫೋಟೋ ಕೂಡ ಅದರಲ್ಲಿ ಬರುತ್ತದೆ. ನಿಮ್ಮ ಹುಡುಗನಿಗೆ ಒಂದು ಮಾತು ಕೇಳಿ: ಆ ಮಗುವಿನ ಹೆಸರು ನೆನಪಿದೆಯಾ?

ಪ್ರಶ್ನೆ: ನಮ್ಮೂರ ಶಾಲೆಗಳೇ ಸೋರುತ್ತಿವೆ. ಆಫ್ರಿಕಾದ ಉಸಾಬರಿ ಯಾಕೆ?
– ಓದುಗರು, ದಾವಣಗೆರೆ

ಉತ್ತರ: ಮೈಸೂರಿನಾಕೆ ಇನ್ನು ಮೇಲೆ ಇರುವ ಊರು ನೈರೋಬಿ, ಅದಕ್ಕೆ. ನೀವು ದಾವಣಗೆರೆಯಲ್ಲೇ ಇದ್ದೀರಲ್ಲ, ಸೋಮವಾರ ಬಿಡುವಿದೆಯಾ? ತಿದ್ದದ ನೋಟ್‌ಬುಕ್ ಅಲ್ಲೂ ಇರುತ್ತವೆ.