ಮುತ್ತಜ್ಜಿ ಹೊಲಿದ 1880ರ ದಶಕದ ಕ್ರೇಜಿ ಕ್ವಿಲ್ಟ್‌ನ ರೇಷ್ಮೆ ಸೀಳುತ್ತಿದೆ: ಒಗೆಯಬಹುದೇ? ಹೊಸ ಬಟ್ಟೆ ಹಾಕಿ ಸರಿಮಾಡಬಹುದೇ?

ಒಗೆಯಬೇಡಿ. ಡ್ರೈಕ್ಲೀನಿಂಗ್‌ಗೂ ಕೊಡಬೇಡಿ. ಸೀಳಿದ ತುಂಡುಗಳನ್ನು ಬಿಚ್ಚಿ ಅಲ್ಲಿ ಹೊಸ ಬಟ್ಟೆ ಕೂರಿಸುವ ಯೋಚನೆಯನ್ನೂ ಬಿಟ್ಟುಬಿಡಿ. ನೀವು ಕೇಳಿದ್ದು ಇದನ್ನೇ ಆದ್ದರಿಂದ ಮೊದಲೇ ಹೇಳಿಬಿಟ್ಟೆ. ಕಾರಣ ಗೊತ್ತಾದರೆ ಮುಂದೇನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯಾದ ನಿಮ್ಮ ಗಂಡನ ಮನೆಯಿಂದ ಬಂದ ಈ ಹೊದಿಕೆಯನ್ನು ನೀವು ನಮ್ಮ ಕಡೆಯ ಕೌದಿಗೆ ಹೋಲಿಸಿದ್ದೀರಿ. ತುಂಡುಬಟ್ಟೆ ಜೋಡಿಸುವುದರಲ್ಲಿ ಎರಡೂ ಒಂದೇ. ಆದರೆ ಕೌದಿ ಹಳೆಯ ಹತ್ತಿ ಸೀರೆ, ಧೋತರಗಳದ್ದು. ಒತ್ತೊತ್ತಾದ ಕೈಹೊಲಿಗೆಯ ಸಾಲು ಎಲ್ಲ ಪದರಗಳನ್ನೂ ಹಿಡಿದಿರುತ್ತದೆ, ಬಂಡೆಯ ಮೇಲೆ ಕುಕ್ಕಿ ಒಗೆದರೂ ತಡೆಯುತ್ತದೆ. ಕ್ರೇಜಿ ಕ್ವಿಲ್ಟ್ ಹೊದ್ದು ಮಲಗಲು ಮಾಡಿದ್ದಲ್ಲ, ಬಂದವರು ನೋಡಲೆಂದು ಪಡಸಾಲೆಯಲ್ಲಿ ಹಾಸಲು ಮಾಡಿದ್ದು. ಕೆಳಗೆ ಒಂದು ತೆಳು ಹತ್ತಿಬಟ್ಟೆಯ ತಳ. ಅದರ ಮೇಲೆ ರೇಷ್ಮೆ, ಸ್ಯಾಟಿನ್, ಮಖಮಲ್ಲು, ರಿಬ್ಬನ್‌ಗಳ ಅಡ್ಡಾದಿಡ್ಡಿ ತುಂಡುಗಳನ್ನು ಅಂಚು ಮಡಚಿ ಕೂರಿಸಿ, ಸಂದುಗಳ ಮೇಲೆಲ್ಲ ಫೆದರ್ ಸ್ಟಿಚ್, ಹೆರಿಂಗ್‌ಬೋನ್‌ನಂಥ ಕಸೂತಿ ಹಾಕುತ್ತಿದ್ದರು. ಹಿಂದಿನ ಅಸ್ತರನ್ನು ಅಲ್ಲಲ್ಲಿ ಗಂಟು ಹಾಕಿ ಸೇರಿಸುತ್ತಿದ್ದರು. ನಡುವೆ ಹತ್ತಿ ತುಂಬುತ್ತಿದ್ದುದು ಕಡಿಮೆ. ಮೇಲಿನ ರೇಷ್ಮೆ ಹೋದರೂ ಆ ತಳದ ಬಟ್ಟೆ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ನೀವು ಮಾಡುವ ಯಾವ ಕೆಲಸವೂ ಅದನ್ನೇ ಆಧರಿಸಿರಬೇಕು.

ರೇಷ್ಮೆ ಯಾಕೆ ಸೀಳುತ್ತದೆ? ಕಂದು ಅಥವಾ ಕಪ್ಪು ತುಂಡೊಂದನ್ನು ಭೂತಗನ್ನಡಿ ಹಿಡಿದು ನೋಡಿ. ಬಾಚಣಿಗೆಯ ಹಲ್ಲಿನ ಹಾಗೆ ಒಂದೇ ದಿಕ್ಕಿಗೆ ಸೀಳುಗಳು, ಅವುಗಳ ನಡುವೆ ಇಣುಕುವ ಬಿಳಿಚಿದ ಹತ್ತಿಬಟ್ಟೆ. ಮುಟ್ಟಿದರೆ ಬೆರಳ ತುದಿಗೆ ಪುಡಿ ಅಂಟುತ್ತದೆ. ಹುಳ ತಿಂದಿದ್ದರೆ ಅಂಕುಡೊಂಕು ತೂತುಗಳಿರುತ್ತಿದ್ದವು. ಇದು ಒಳಗಿನಿಂದಲೇ ಬಂದ ಕೇಡು. ಕಚ್ಚಾ ರೇಷ್ಮೆಯನ್ನು ಸೋಪುನೀರಿನಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ತೆಗೆದಾಗ ಹೆಚ್ಚುಕಡಿಮೆ ಕಾಲು ಭಾಗ ತೂಕ ಇಳಿಯುತ್ತದೆ. ಮಾರಾಟ ತೂಕದ ಮೇಲಿದ್ದುದರಿಂದ ಆ ನಷ್ಟವನ್ನು ಕಬ್ಬಿಣ, ತವರದ ಲವಣಗಳನ್ನು ನೂಲಿಗೆ ಕುಡಿಸಿ ತುಂಬಿಕೊಳ್ಳುತ್ತಿದ್ದರು. ಬಟ್ಟೆಗೆ ಭಾರ ಬರುತ್ತಿತ್ತು, ಮಡಿಕೆ ಚೆನ್ನಾಗಿ ಬೀಳುತ್ತಿತ್ತು, ನಡೆದರೆ ಸರಸರ ಸದ್ದಾಗುತ್ತಿತ್ತು. ಆ ಲೋಹವೇ ಬೆಳಕು, ತೇವದ ಜೊತೆ ಸೇರಿ ಎಳೆಗಳನ್ನು ಕಡಿಯುತ್ತ ಬಂದಿದೆ. ಪಕ್ಕದ ತುಂಡು ಇಂದಿಗೂ ಹೊಸದರಂತೆ ಇದ್ದರೆ ಅದಕ್ಕೆ ಈ ಲವಣ ಕುಡಿಸಿರಲಿಲ್ಲ ಎಂದೇ ಹೆಚ್ಚಾಗಿ ಅರ್ಥ. ಈ ಸವೆತವನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ನಿಧಾನ ಮಾಡಬಹುದು, ಅಷ್ಟೆ.

ನೀರು ಬಿದ್ದರೆ ಇನ್ನೂ ಕೆಡುತ್ತದೆ. ಹತ್ತಾರು ಬಗೆಯ ಬಟ್ಟೆ ಒಂದೊಂದು ಪ್ರಮಾಣದಲ್ಲಿ ಕುಗ್ಗುತ್ತದೆ, ಕಸೂತಿಯ ಕೆಂಪು ನೂಲು ಬಣ್ಣ ಬಿಡುತ್ತದೆ, ಮಖಮಲ್ಲಿನ ಮೇಲೆ ಬರೆದ ಹೂವು ಕಲೆಸಿಹೋಗುತ್ತದೆ. ಅಂಟು, ಇಸ್ತ್ರಿ ಮಾಡಿ ಅಂಟಿಸುವ ಪಟ್ಟಿ ಎರಡೂ ಬೇಡ. ಒಮ್ಮೆ ಅಂಟಿದ್ದು ರೇಷ್ಮೆಯನ್ನು ಕಿತ್ತುಕೊಂಡೇ ಬರುತ್ತದೆ.

ಧೂಳು ತೆಗೆಯಬಹುದು. ಕಿಟಕಿಗೆ ಹಾಕುವ ಫೈಬರ್‌ಗ್ಲಾಸ್ ಸೊಳ್ಳೆಪರದೆಯ ಒಂದು ಅಡಿ ಚೌಕ ಕತ್ತರಿಸಿ, ಅಂಚಿಗೆ ಸುತ್ತಲೂ ಹತ್ತಿಪಟ್ಟಿ ಹೊಲಿಯಿರಿ. ಹಾಗೇ ಬಿಟ್ಟರೆ ಅದರ ಅಂಚು ಕಸೂತಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕ್ವಿಲ್ಟ್ ಮೇಲಿಟ್ಟು, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಸೆಳೆತಕ್ಕೆ ಇಳಿಸಿ, ಕೊಳವೆಯನ್ನು ಉಜ್ಜದೆ ಒಂದೆಡೆ ಇಟ್ಟು, ಎತ್ತಿ, ಪಕ್ಕಕ್ಕಿಡಿ. ಸೀಳಿದ ತುಂಡು, ಮಣಿ, ಉಬ್ಬು ಕಸೂತಿ ಇರುವ ಕಡೆ ಇದನ್ನೂ ಮಾಡಬೇಡಿ.

ಸೀಳಿದ ತುಂಡಿಗೆ ಮಾಡಬಹುದಾದ್ದು ಒಂದೇ, ಮೇಲೆ ಬಲೆ ಹೊದಿಸುವುದು. ತುಂಬ ತೆಳುವಾದ ನೈಲಾನ್ ನೆಟ್ ತನ್ನಿ, ತುಂಡಿನ ಬಣ್ಣಕ್ಕೆ ಹತ್ತಿರದ್ದು ಅಥವಾ ಒಂದು ಛಾಯೆ ಗಾಢವಾದ್ದು. ಮೊದಲು ನೆಟ್ಟನ್ನು ತೊಳೆದು ಗಂಜಿ ಬಿಡಿಸಿ, ಒದ್ದೆ ಬಿಳಿಬಟ್ಟೆಗೆ ಒತ್ತಿ ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಸುತ್ತಲೂ ಅರ್ಧ ಸೆಂಟಿಮೀಟರ್ ಹೆಚ್ಚು ಬಿಟ್ಟು ತುಂಡಿನ ಆಕಾರಕ್ಕೆ ಕತ್ತರಿಸಿ, ಆ ಅಂಚನ್ನು ಒಳಕ್ಕೆ ಮಡಚಿ. ಅತಿ ಸಣ್ಣ ಸೂಜಿ, ಕೂದಲೆಳೆಯಷ್ಟು ತೆಳುವಾದ ದಾರ. ಸೂಜಿ ರೇಷ್ಮೆಯ ನಡುವೆ ಇಳಿಯಲೇಬಾರದು. ಸಂದಿನ ಕಸೂತಿಯ ಪಕ್ಕದಲ್ಲೇ ಇಳಿದು ತಳದ ಹತ್ತಿಬಟ್ಟೆಯನ್ನು ಹಿಡಿಯಬೇಕು. ಹೆಚ್ಚಿನವರು ತಪ್ಪುವುದು ದಾರ ಎಳೆಯುವಲ್ಲಿ. ಬಿಗಿ ಎಳೆದರೆ ನೆಟ್ ಸುಕ್ಕಾಗಿ ಕೆಳಗಿನ ಎಳೆಗಳನ್ನು ಮುರಿಯುತ್ತದೆ, ಸಡಿಲವಾಗಿದ್ದರೆ ಪುಡಿ ಒಂದು ಮೂಲೆಗೆ ಸರಿಯುತ್ತದೆ. ಬಲೆ ಸುಮ್ಮನೆ ಮೈಗೆ ತಾಗಿ ಕೂತರೆ ಸಾಕು. ಮುಂದೊಂದು ದಿನ ಇದನ್ನು ಬಿಚ್ಚಿದರೂ ಮೂಲದ ಬಟ್ಟೆಗೆ ಏನೂ ಆಗುವುದಿಲ್ಲ. ಹೊಸ ತುಂಡು ಕೂರಿಸಿದರೆ ಮುತ್ತಜ್ಜಿಯ ಕೈಯ ಕಸೂತಿಯನ್ನೇ ಬಿಚ್ಚಬೇಕಾಗುತ್ತದೆ, ಅದಕ್ಕೇ ಬೇಡವೆಂದೆ. ಹತ್ತಕ್ಕಿಂತ ಹೆಚ್ಚು ತುಂಡು ಸೀಳಿದ್ದರೆ ನಾನಾದರೆ ಪರಿಣತರಿಗೇ ತೋರಿಸುತ್ತೇನೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಫಾರ್ ಕನ್ಸರ್ವೇಶನ್‌ನ ಪಟ್ಟಿಯಲ್ಲಿ ಬಟ್ಟೆ ಸಂರಕ್ಷಕರನ್ನು ಊರಿನ ಪ್ರಕಾರ ಹುಡುಕಬಹುದು.

ಗೋಡೆಗೆ ತೂಗುಹಾಕಬೇಡಿ, ಅದರ ತೂಕವೇ ಅದನ್ನು ಹರಿಯುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಇಂಥ ಬಟ್ಟೆಗೆ ಬೆಳಕಿನ ಮಿತಿ ಸುಮಾರು 50 ಲಕ್ಸ್. ಮನೆಯಲ್ಲಿ ಕಿಟಕಿಯ ಪಕ್ಕ ಅದರ ಹತ್ತಾರು ಪಟ್ಟು ಬೀಳುತ್ತದೆ, ಬಿದ್ದಷ್ಟೂ ಕೇಡು ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ಬಳಸದ ಮಂಚವೊಂದಿದ್ದರೆ ಅದರ ಮೇಲೆ ಅಗಲವಾಗಿ ಹಾಸಿ, ಮೇಲೆ ಒಗೆದ ಬಿಳಿ ಹತ್ತಿಬಟ್ಟೆ ಹೊದಿಸಿಡುವುದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ಆಮ್ಲರಹಿತ ರಟ್ಟಿನ ಪೆಟ್ಟಿಗೆ. ಟಿಶ್ಯೂ ಕಾಗದವೂ ಆಮ್ಲರಹಿತವೇ ಇರಲಿ, ಆದರೆ ಕ್ಷಾರ ಸೇರಿಸದ, ಅನ್‌ಬಫರ್ಡ್ ಎಂದು ಬರೆದದ್ದನ್ನೇ ಕೇಳಿ. ರೇಷ್ಮೆ, ಉಣ್ಣೆಗೆ ಕ್ಷಾರ ಆಗದು. ಪ್ರತಿ ಮಡಿಕೆಯೊಳಗೂ ಟಿಶ್ಯೂವನ್ನು ತೋಳಿನ ದಪ್ಪಕ್ಕೆ ಸುರುಳಿ ಮಾಡಿಡಿ, ಮಡಿಕೆ ಚೂಪಾಗಬಾರದು. ವರ್ಷಕ್ಕೊಮ್ಮೆ ಬೇರೆ ಗೆರೆಯಲ್ಲಿ ಮಡಚಿ. ಜರಿ ಸೀರೆ ಮಡಿಕೆಯಲ್ಲೇ ಸೀಳುವುದನ್ನು ನಾವೆಲ್ಲ ಕಂಡಿದ್ದೇವಲ್ಲ, ಇದೂ ಹಾಗೆಯೇ.

ಅಮೆರಿಕದ ಮನೆಗಳಲ್ಲಿ ಇಂಥವನ್ನು ಸೀಡರ್ ಮರದ ಪೆಟ್ಟಿಗೆಯಲ್ಲಿಡುವ ರೂಢಿ ಇದೆ. ಆ ಮರದಿಂದ ಬರುವ ಆಮ್ಲ ಬಟ್ಟೆಗೆ ಕೆಟ್ಟದ್ದು. ಪ್ಲಾಸ್ಟಿಕ್ ಚೀಲ, ನುಸಿಗುಳಿಗೆ, ಅಟ್ಟ, ನೆಲಮಾಳಿಗೆ ಯಾವುದೂ ಬೇಡ. ನೀವು ಮಲಗುವ ಕೋಣೆಯ ಒಳಗೋಡೆಯ ಬೀರು ಸಾಕು, ತೇವಾಂಶ ಶೇ. 50ರ ಆಸುಪಾಸು ಇದ್ದರೆ ಸರಿ.

ಮೂಲೆಯಲ್ಲಿ ಕಸೂತಿಯಲ್ಲಿರುವ 1887 ಎಂಬ ಇಸವಿಯ ಬಗ್ಗೆ: ಅದು ಹೊಲಿದು ಮುಗಿಸಿದ ವರ್ಷವೇ ಆಗಬೇಕಿಲ್ಲ, ಮದುವೆಯದೋ ಮಗು ಹುಟ್ಟಿದ್ದೋ ಆಗಿರಬಹುದು. ಆದರೂ ಕಾಲಕ್ಕೆ ಹೊಂದುತ್ತದೆ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಜಪಾನಿನ ಕಲೆ ಕಂಡ ಮೇಲೆ ಅಮೆರಿಕದ ಹೆಂಗಸರಿಗೆ ಸಮವಲ್ಲದ ಆಕಾರಗಳ ಹುಚ್ಚು ಹಿಡಿದದ್ದು, 1880ರ ದಶಕದಲ್ಲಿ ರೇಷ್ಮೆ ಚೂರುಗಳ ಪೊಟ್ಟಣ ಅಂಚೆಯಲ್ಲೇ ತರಿಸಬಹುದಿತ್ತು. ಬೀಸಣಿಗೆಯ ಆಕಾರ ಇದ್ದರೆ ಆ ಜಪಾನಿ ಮೋಹದ್ದು, ಜೇಡರ ಬಲೆ ಅದೃಷ್ಟಕ್ಕೆಂದು ಹಾಕುತ್ತಿದ್ದದ್ದು. ಅಕ್ಷರ ಮುದ್ರಿಸಿದ ರಿಬ್ಬನ್ ಸಿಕ್ಕರೆ ಬಿಡದೆ ಓದಿ, ಸಭೆಯದೋ ಚುನಾವಣೆಯದೋ ಆಗಿದ್ದರೆ ಇಸವಿಯ ಸುಳಿವು ಅದರಲ್ಲೇ ಸಿಗಬಹುದು.

ಏನನ್ನೂ ಮುಟ್ಟುವ ಮೊದಲು ಪ್ರತಿ ತುಂಡಿನ ಫೋಟೋ ತೆಗೆದು, ಉದುರಿದ ಚೂರುಗಳನ್ನು ಪುಟ್ಟ ಕಾಗದದ ಲಕೋಟೆಗಳಲ್ಲಿ, ಎಲ್ಲಿಯವೆಂದು ಪೆನ್ಸಿಲ್ಲಿನಲ್ಲಿ ಬರೆದು ತೆಗೆದಿಡಿ. ನಿಮ್ಮ ಅತ್ತೆಯವರಿಗೆ ನೆನಪಿರುವಾಗಲೇ ಹೊಲಿದವರ ಹೆಸರು, ಊರು, ಯಾರಿಂದ ಯಾರಿಗೆ ಬಂತು ಎಂಬುದನ್ನು ಕೇಳಿ ಹತ್ತಿಪಟ್ಟಿಯ ಮೇಲೆ ಬರೆದು, ಅಸ್ತರಿನ ಒಂದು ಮೂಲೆಗೆ ನಾಲ್ಕು ಸಡಿಲ ಹೊಲಿಗೆ ಹಾಕಿಬಿಡಿ.