ನನಗಿಂತ ಜಾಸ್ತಿ ತಿನ್ನುವವರು ತೆಳ್ಳಗೇ ಇರ್ತಾರೆ, ನನ್ನ ತೂಕ ಮಾತ್ರ ಯಾಕೆ ಇಳಿಯುತ್ತಿಲ್ಲ?

ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೂರು ತಿಂಗಳಿಂದ ಊಟ ಕಡಿಮೆ ಮಾಡಿದ್ದೀರಿ, 2 ಕೆಜಿ ಇಳಿದಿದೆ. ರೂಮಿನ ಗೆಳತಿ ನಿಮಗಿಂತ ಜಾಸ್ತಿ ತಿಂದರೂ ಕಡ್ಡಿ ಹಾಗಿದ್ದಾರೆ. ‘ನನ್ನ ದೇಹದಲ್ಲೇ ಏನಾದರೂ ದೋಷ ಇದೆಯಾ?’ ಅಂತ ಕೇಳಿದ್ದೀರಿ. ಕೊನೆಯಲ್ಲಿ ಇನ್ನೊಂದು ಸಾಲು ಇದೆ. ಈಗ ಅವರ ಜೊತೆ ಕೂತು ಉಣ್ಣುವುದನ್ನೇ ಬಿಟ್ಟಿದ್ದೇನೆ ಅಂತ. ಆ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರಲು ಆಗಲಿಲ್ಲ. ಒಂದು ವರ್ಷ ನಾನೂ ಹಾಗೇ ಮಾಡಿದ್ದೆ.

ನಾನು ವಿಜಯಪುರದವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 42, ಎತ್ತರ 154 ಸೆಂಟಿಮೀಟರ್. ತೂಕ ಇಳಿಸಲು ಶುರು ಮಾಡಿದಾಗ 74 ಕೆಜಿ ಇದ್ದೆ. ಈಗ 65. ಇದಕ್ಕೆ ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಮೊದಲ ಏಳೆಂಟು ತಿಂಗಳು ಸುಮ್ನೆ ಹೋದವು. ಆ ತಿಂಗಳುಗಳಲ್ಲಿ ನಾನು ನೋಡುತ್ತಿದ್ದದ್ದು ನನ್ನ ತಾಟನ್ನಲ್ಲ, ನನ್ನ ನೆಗೆಣ್ಣಿಯ ತಾಟನ್ನು.

ನೆಗೆಣ್ಣಿ ಇರುವುದು ಇಂಡಿ ಕಡೆ ನಮ್ಮ ಊರಿನಲ್ಲಿ. ಹೊಲ, ಲಿಂಬಿ ತೋಟ, ಎರಡು ಎಮ್ಮೆ. ಹಬ್ಬ ಹುಣ್ಣಿಮೆಗೆ ನಾವೇ ಅಲ್ಲಿಗೆ ಹೋಗುತ್ತೇವೆ. ಅವಳು ಊಟಕ್ಕೆ ಕೂತರೆ ಮೂರು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಕೆನೆ ಮೊಸರು. ಆಮೇಲೆ ಅನ್ನ ಸಾರು. ನಾನು ಪಕ್ಕದಲ್ಲಿ ಒಂದೂವರೆ ರೊಟ್ಟಿ ಹಿಡಿದುಕೊಂಡು ಕೂತಿರುತ್ತಿದ್ದೆ. ‘ಯಕ್ಕಾ, ಗುಬ್ಬಿ ಹಂಗ ತಿಂತೀರಲ್ಲ, ಇನ್ನೊಂದು ನೀಡ್ಲ್ಯಾ?’ ಅಂತ ಪ್ರೀತಿಯಿಂದಲೇ ಕೇಳುತ್ತಿದ್ದಳು. ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳ ಸೊಂಟ ಮದುವೆಯಾಗಿ ಬಂದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ದೇವರು ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಇಟ್ಟಿದ್ದಾನೆ ಅಂದುಕೊಳ್ಳುತ್ತಿದ್ದೆ. ಆಮೇಲಾಮೇಲೆ ಅವಳ ಜೊತೆ ಕೂರುವುದನ್ನೇ ತಪ್ಪಿಸಿದೆ. ‘ನೀವು ಉಣ್ರಿ, ನನಗ ಹಸಿವಿಲ್ಲ’ ಅಂತ ಹೇಳಿ ಪಡಸಾಲೆಗೆ ಹೋಗಿ ಕೂರುತ್ತಿದ್ದೆ.

ಕಣ್ಣು ತೆರೆದದ್ದು ಒಂದು ಎಳ್ಳಮಾವಾಸ್ಯೆಗೆ. ಆ ಸಲ ಶಾಲೆಗೆ ರಜೆ ಹಾಕಿ ನಾಲ್ಕು ದಿನ ಅಲ್ಲೇ ಉಳಿದೆ. ಅದಕ್ಕೂ ಮೊದಲು ಒಂದು ಹೊತ್ತು ಉಂಡು ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದೆ. ಅಂದರೆ ನಾನು ಅವಳ ಒಂದು ಊಟ ನೋಡಿದ್ದೆನೇ ಹೊರತು ಅವಳ ಒಂದು ದಿನವನ್ನು ಯಾವತ್ತೂ ನೋಡಿರಲಿಲ್ಲ.

ಬೆಳಗ್ಗೆ ಐದಕ್ಕೆ ಎದ್ದಳು. ಸಗಣಿ ಬಳಿದಳು, ಎಮ್ಮೆ ಹಿಂಡಿದಳು, ನೀರು ತುಂಬಿದಳು. ಒಲೆ ಮುಂದೆ ಕೂತು ಮೂವತ್ತು ರೊಟ್ಟಿ ಬಡಿದಳು. ರೊಟ್ಟಿ ಬಡಿಯುವುದು ನೋಡಲು ಸುಲಭ. ಒಂದು ಗಂಟೆ ಬಡಿದರೆ ಭುಜ ಹೇಗಾಗುತ್ತದೆ ಅಂತ ಬಡಿದವರಿಗೇ ಗೊತ್ತು. ಎಂಟಕ್ಕೆ ತೋಟಕ್ಕೆ ಹೊರಟಳು. ಗಿಡದ ಬುಡದಲ್ಲಿ ಬಗ್ಗಿ ಬಗ್ಗಿ ಲಿಂಬಿಹಣ್ಣು ಆರಿಸಿ ಬುಟ್ಟಿ ತುಂಬುವುದು, ಬುಟ್ಟಿ ಹೊತ್ತು ಚೀಲಕ್ಕೆ ಸುರಿಯುವುದು. ನಾನೂ ಜೊತೆಗೆ ಹೋಗಿದ್ದೆ. ಅರ್ಧ ತಾಸಿಗೆ ನನ್ನ ನಡ ಹಿಡಿದುಕೊಂಡಿತು. ಅವಳು ಮಧ್ಯಾಹ್ನದವರೆಗೆ ಬಗ್ಗಿದ್ದಳು. ಅವಳು ಇಡೀ ದಿನದಲ್ಲಿ ಕುಡಿದದ್ದು ಎರಡು ಸಲ ಅರ್ಧರ್ಧ ಕಪ್ ಚಹಾ. ನಡುವೆ ಬಾಯಿಗೆ ಏನೂ ಹಾಕಲಿಲ್ಲ. ರಾತ್ರಿ ಒಂದು ಬಟ್ಟಲು ಜೋಳದ ನುಚ್ಚು, ಮಜ್ಜಿಗೆ. ಅಷ್ಟೇ.

ಮತ್ತೊಂದು ಸಣ್ಣ ವಿಷಯ ಕಂಡೆ. ಎಣ್ಣೆಗಾಯಿ ತಿಂದು ಮುಗಿಸಿದಾಗ ಅವಳ ತಾಟಿನ ಅಂಚಿನಲ್ಲಿ ಕೆಂಪು ಎಣ್ಣೆ ನಿಂತಿತ್ತು. ಅವಳು ಅದನ್ನು ಹಾಗೇ ಬಿಟ್ಟು ಎದ್ದಳು. ನನ್ನ ತಾಟು ನೋಡಿದೆ. ಒಣಗಿದ ಹಾಗೆ ಸ್ವಚ್ಛ ಇತ್ತು. ಕೊನೆಯ ರೊಟ್ಟಿ ತುಣುಕಿನಿಂದ ಎಣ್ಣೆಯನ್ನೆಲ್ಲ ಒರೆಸಿ ತಿಂದಿದ್ದೆ. ಅಡುಗೆ ಎಣ್ಣೆ 1 ಗ್ರಾಮಿಗೆ 9 ಕ್ಯಾಲೊರಿ. ಒಂದು ದೊಡ್ಡ ಚಮಚಕ್ಕೆ 120ರ ಹತ್ತಿರ. ಜೋಳದ ಹಿಟ್ಟು 50 ಗ್ರಾಂ ಹಿಡಿಯುವ ಒಂದು ರೊಟ್ಟಿಗೆ ಸುಮಾರು 170. ರೊಟ್ಟಿ ಬಡಿಯಲು ಎಣ್ಣೆ ಬೇಕಿಲ್ಲ. ನಾನು ರೊಟ್ಟಿ ಎಣಿಸುತ್ತಿದ್ದೆ, ಎಣ್ಣೆ ಎಣಿಸುತ್ತಿರಲಿಲ್ಲ.

ವಾಪಸ್ ಬಂದ ಮೇಲೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಬಾಯಿಗೆ ಹೋದದ್ದನ್ನೆಲ್ಲ ಬರೆದೆ. ಊಟ ನಿಜವಾಗಲೂ ಕಡಿಮೆ ಇತ್ತು. ಆದರೆ ಸ್ಟಾಫ್ ರೂಮಿನಲ್ಲಿ ಮೂರು, ಮನೆಯಲ್ಲಿ ಎರಡು, ದಿನಕ್ಕೆ ಐದು ಚಹಾ. ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೂ ಹತ್ತು ಚಮಚ. 40-50 ಗ್ರಾಂ ಸಕ್ಕರೆ. ಹಾಲು ಬಿಟ್ಟು ಅದೊಂದೇ 160ರಿಂದ 200 ಕ್ಯಾಲೊರಿ. ಸಂಜೆ ಹುರಿದ ಶೇಂಗಾ ಒಂದು ಮುಷ್ಟಿ, ಅಂದರೆ 30 ಗ್ರಾಂ, ಸುಮಾರು 170. ಬಹಳ ದಿನ ಅದು ಎರಡು ಮುಷ್ಟಿ ಆಗುತ್ತಿತ್ತು. ಮಗ ಬಿಟ್ಟ ಅನ್ನ, ಒಗ್ಗರಣೆ ಅವಲಕ್ಕಿಯ ತಳ. ಶೇಂಗಾ ಕೆಟ್ಟದ್ದಲ್ಲ, ನಮ್ಮ ಕಡೆ ಅದಿಲ್ಲದೆ ಅಡುಗೆಯೇ ಇಲ್ಲ. ಆದರೆ ನನ್ನ ಮನಸ್ಸಿನಲ್ಲಿ ಅದು ಊಟದ ಲೆಕ್ಕಕ್ಕೇ ಬರುತ್ತಿರಲಿಲ್ಲ. ತಾಟಿನಲ್ಲಿ ಇಟ್ಟುಕೊಂಡು ಕೂತು ತಿಂದದ್ದು ಮಾತ್ರ ಊಟ ಅಂತ ನಂಬಿದ್ದೆ.

ಇದು ನನ್ನೊಬ್ಬಳ ಕಥೆಯಲ್ಲ. 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಅಧ್ಯಯನ ಬಂದಿತ್ತು. ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯಲ್ಲ’ ಅನ್ನುತ್ತಿದ್ದವರನ್ನು ಅಳತೆ ಮಾಡಿ ನೋಡಿದ್ದರು. ಅವರು ಬರೆದುಕೊಟ್ಟ ಲೆಕ್ಕ ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಇತ್ತು. ಅವರ ದೇಹ ಕ್ಯಾಲೊರಿ ಸುಡುವುದರಲ್ಲಿ ದೋಷವೇನೂ ಇರಲಿಲ್ಲ. ಅವರು ಸುಳ್ಳು ಹೇಳಿದರು ಅಂತ ನಾನು ಓದಿಕೊಳ್ಳುವುದಿಲ್ಲ. ನನ್ನ ನೋಟ್‌ಬುಕ್ ನೋಡಿದ ಮೇಲೆ ಅವರ ಮೇಲೆ ಮರುಕವೇ ಬಂತು.

ಆದರೆ ಎಲ್ಲವೂ ಕೈಬಾಯಿಯ ಲೆಕ್ಕ ಅಲ್ಲ. ಮೈಯಿಂದ ಮೈಗೆ ವ್ಯತ್ಯಾಸ ಇದ್ದೇ ಇದೆ. ನಮ್ಮ ಮನೆಯವರದ್ದೇ ತಗೊಳ್ಳಿ. ನನಗಿಂತ ನಾಲ್ಕು ವರ್ಷ ದೊಡ್ಡವರು, 175 ಸೆಂಟಿಮೀಟರ್, 76 ಕೆಜಿ. 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಅಂತ ಒಂದಿದೆ, ಡಯಟೀಷಿಯನ್‌ಗಳು ಇವತ್ತಿಗೂ ಬಳಸುತ್ತಾರೆ. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸಾದರೆ 5 ಕೂಡಿಸಿ, ಹೆಂಗಸಾದರೆ 161 ಕಳೆಯಿರಿ. ದಿನವಿಡೀ ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಕ್ಯಾಲೊರಿ ಅಂದಾಜಿಗೆ ಸಿಗುತ್ತದೆ. 74 ಕೆಜಿ ಇದ್ದಾಗ ನನಗೆ ಬಂದದ್ದು 1330ರ ಹತ್ತಿರ. ಅವರಿಗೆ 1630ರ ಹತ್ತಿರ. 300 ವ್ಯತ್ಯಾಸ. ಅಂದರೆ ಇಬ್ಬರೂ ಹಾಸಿಗೆಯಿಂದ ಏಳದಿದ್ದರೂ ಅವರಿಗೆ ದಿನಕ್ಕೆ ಹೆಚ್ಚುಕಡಿಮೆ ಎರಡು ರೊಟ್ಟಿ ಜಾಸ್ತಿ ಬೇಕು! ಇಪ್ಪತ್ತು ವರ್ಷ ಅವರ ಸಮ ಸಮ ಉಂಡವಳು ನಾನು. ಯಾರೂ ಇದನ್ನು ನನಗೆ ಹೇಳಿರಲಿಲ್ಲ. ನಮ್ಮ ಕಡೆ ಪ್ರೀತಿ ಅಂದರೆ ಎಲ್ಲರಿಗೂ ಸಮ ನೀಡುವುದು, ಅಲ್ವಾ?

ಈ ಸೂತ್ರದಲ್ಲಿ ಇನ್ನೊಂದು ಮಾತು ಅಡಗಿದೆ. ತೂಕ 1 ಕೆಜಿ ಇಳಿದರೆ ದೇಹದ ಬೇಡಿಕೆ ದಿನಕ್ಕೆ 10 ಇಳಿಯುತ್ತದೆ. 9 ಕೆಜಿ ಇಳಿದ ನನಗೆ ಈಗ ಮೊದಲಿಗಿಂತ 90 ಕಡಿಮೆ ಸಾಕು. ಹಾಗಾಗಿ ‘ಹೋದ ವರ್ಷ ಇಷ್ಟೇ ತಿಂದು ಇಳಿದಿದ್ದೆ, ಈಗ ಯಾಕೆ ಇಳೀತಿಲ್ಲ’ ಅಂತ ನನ್ನನ್ನು ನನ್ನ ಹಳೆಯ ತಾಟಿಗೆ ಹೋಲಿಸಿಕೊಂಡರೂ ಲೆಕ್ಕ ತಪ್ಪುತ್ತದೆ.

ನಿಮ್ಮ ಗೆಳತಿಯ ಬಗ್ಗೆ ಇದನ್ನೂ ಕೇಳಿ. ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಜೊತೆಗಾರರು 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 16 ಜನರಿಗೆ 8 ವಾರ, ಪ್ರತಿದಿನ ಅವರ ಅಗತ್ಯಕ್ಕಿಂತ 1000 ಕ್ಯಾಲೊರಿ ಜಾಸ್ತಿ ತಿನ್ನಿಸಿದರು. ಒಬ್ಬರ ಮೈಗೆ 360 ಗ್ರಾಂ ಕೊಬ್ಬು ಸೇರಿದರೆ ಇನ್ನೊಬ್ಬರಿಗೆ 4.23 ಕೆಜಿ ಸೇರಿತ್ತು. ತಿಂದದ್ದು ಒಂದೇ ಲೆಕ್ಕ! ಕಡಿಮೆ ಸೇರಿದವರು ವ್ಯಾಯಾಮ ಮಾಡಿದವರಲ್ಲ. ಗೊತ್ತಿಲ್ಲದೆ ಜಾಸ್ತಿ ಓಡಾಡಿದವರು, ಕೂತಲ್ಲೇ ಮಿಸುಕಾಡುವವರು, ನಿಂತು ಕೆಲಸ ಮಾಡುವವರು. ನಿಮ್ಮ ಗೆಳತಿ ಫೋನಿನಲ್ಲಿ ಮಾತಾಡುವಾಗ ಕೂತಿರುತ್ತಾರಾ, ರೂಮ್ ತುಂಬ ಓಡಾಡುತ್ತಿರುತ್ತಾರಾ? ತಟ್ಟೆ ನೋಡಿದರೆ ಅದು ಕಾಣಲ್ಲ.

ಹೋಲಿಕೆ ಅಂದರೆ ಹೊಟ್ಟೆಕಿಚ್ಚು ಒಂದೇ ಅಲ್ಲ. ಅದಕ್ಕಿಂತ ಜಾಸ್ತಿ ನನಗೆ ಪೆಟ್ಟು ಕೊಟ್ಟದ್ದು ಅದರ ಉಲ್ಟಾ ಮುಖ. ಒಂದು ಮದುವೆಯಲ್ಲಿ ಪಂಕ್ತಿಗೆ ಕೂತಿದ್ದೆ. ಪಕ್ಕದಲ್ಲಿ ಕೂತವರು ನಾಲ್ಕು ಶೇಂಗಾ ಹೋಳಿಗೆ ಹಾಕಿಸಿಕೊಂಡರು, ಮೇಲೆ ತುಪ್ಪ. ನಾನು ಎರಡು ತಿಂದು ಎದ್ದೆ. ಮನೆಗೆ ಬರುವಾಗ ಮನಸ್ಸಿಗೆ ಎಷ್ಟು ಹಗುರ ಅಂದರೆ, ದೊಡ್ಡ ಸಂಯಮ ಮಾಡಿದ ಹಾಗೆ. ಒಬ್ಬಳೇ ಕೂತಿದ್ದರೆ ಒಂದು ತಿನ್ನುತ್ತಿದ್ದೆ. ಆ ನಾಲ್ಕು ಹೋಳಿಗೆ ನನ್ನ ಅಳತೆಗೋಲಾಗಿತ್ತು. ವಾಕಿಂಗ್ ಗುಂಪಿನಲ್ಲೂ ಇದೇ. ಬೆಳಗ್ಗೆ ಗೋಳಗುಮ್ಮಟದ ಕಡೆ ನಡೆದು ಬಂದು ಎಲ್ಲರೂ ಮಿರ್ಚಿ ಭಜಿ ತಿನ್ನುವಾಗ ‘ನಾನು ಎರಡೇ ತಿಂದೆ’ ಅಂತ ಖುಷಿ. ಜಾಸ್ತಿ ತಿನ್ನುವವರ ಪಕ್ಕ ಕೂತಾಗ ನನಗೆ ರಜೆ ಸಿಗುತ್ತಿತ್ತು, ಕಡಿಮೆ ತಿನ್ನುವವರ ಪಕ್ಕ ಕೂತಾಗ ನಾಚಿಕೆ. ಹಸಿವನ್ನು ಮಾತ್ರ ಒಂದು ಸಲವೂ ಕೇಳಿರಲಿಲ್ಲ.

ಈಗ ನಾನು ಮಾಡುವುದು ಹೆಚ್ಚೇನಿಲ್ಲ. ತಿಂಗಳಿಗೆ ಮನೆಗೆ ಬರುವ ಎಣ್ಣೆಯನ್ನು ಜನ ಮತ್ತು ದಿನಗಳಿಂದ ಭಾಗಿಸುತ್ತೇನೆ. ನಾವು ನಾಲ್ಕು ಜನ, 5 ಲೀಟರ್ ಕ್ಯಾನ್ ಒಂದು ತಿಂಗಳು ಬರುತ್ತಿತ್ತು. ಒಬ್ಬರಿಗೆ ದಿನಕ್ಕೆ 42 ಮಿಲಿ ಹತ್ತಿರ, ಸುಮಾರು 345 ಕ್ಯಾಲೊರಿ. ಈಗ ಅದೇ ಕ್ಯಾನ್ ಒಂದೂವರೆ ತಿಂಗಳು ಬರುತ್ತದೆ, ಯಾರೂ ರುಚಿ ಕಡಿಮೆ ಆಯ್ತು ಅಂದಿಲ್ಲ. ಚಹಾ ಎರಡು. ಶೇಂಗಾ ತಿನ್ನುತ್ತೇನೆ, ಡಬ್ಬಿಯಿಂದ ಅಲ್ಲ, ಸಣ್ಣ ಬಟ್ಟಲಿಗೆ ಹಾಕಿಕೊಂಡು. ರೊಟ್ಟಿ ಎರಡು ನೆಮ್ಮದಿಯಾಗಿ ತಿನ್ನುತ್ತೇನೆ, ಜೊತೆಗೆ ಮಡಕಿಕಾಳು ಪಲ್ಯ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು ಜಾಸ್ತಿ. ಯಾರಾದರೂ ‘ಇಷ್ಟಽ ಏನ್ರೀ?’ ಅಂದರೆ ‘ಹೊಟ್ಟಿ ತುಂಬ್ತು ಅಕ್ಕಾರ, ಭಾಳ ಚಂದ ಆಗೇತಿ’ ಅನ್ನುತ್ತೇನೆ. ಅಡುಗೆಯನ್ನು ಹೊಗಳಿದರೆ ನಮ್ಮ ಕಡೆ ಮುಂದೆ ಯಾರೂ ಒತ್ತಾಯ ಮಾಡುವುದಿಲ್ಲ. ‘ಡಯಟ್’ ಅಂದಿರೋ, ಇಡೀ ಪಂಕ್ತಿ ನಿಮ್ಮ ತಾಟು ನೋಡಲು ಶುರು ಮಾಡುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಸುಸ್ತು ಜಾಸ್ತಿ ಇದ್ದರೆ, ಕೂದಲು ಉದುರುತ್ತಿದ್ದರೆ, ಮುಟ್ಟು ಏರುಪೇರಾಗಿದ್ದರೆ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅದನ್ನು ಮುಂದೂಡಬೇಡಿ. ಅದೇನೂ ಇಲ್ಲದಿದ್ದರೆ ನೀವೇ ಕೊಟ್ಟ ಅಂಕಿ ನೋಡಿ. ಮೈಯ 1 ಕೆಜಿ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ಇಳಿದ 2 ಕೆಜಿ ಕೊಬ್ಬೇ ಆಗಿದ್ದರೆ 15,400. 90 ದಿನಕ್ಕೆ ಹಂಚಿ. ದಿನಕ್ಕೆ 171. ಅಂದರೆ ಮೂರು ತಿಂಗಳು, ಪ್ರತಿದಿನ, ನಿಮ್ಮ ದೇಹಕ್ಕೆ ಬೇಕಾದದ್ದಕ್ಕಿಂತ ಒಂದು ರೊಟ್ಟಿಯಷ್ಟು ಕಡಿಮೆ ತಿಂದಿದ್ದೀರಿ, ದೇಹವೂ ಅದಕ್ಕೆ ಸರಿಯಾಗಿ 2 ಕೆಜಿ ಬಿಟ್ಟುಕೊಟ್ಟಿದೆ. ದೋಷ ಇರುವ ದೇಹ ಹೀಗೆ ಲೆಕ್ಕ ಒಪ್ಪಿಸುತ್ತದಾ?

ಇವತ್ತು ರಾತ್ರಿ ಗೆಳತಿಯ ಜೊತೆ ಕೂತು ಉಣ್ಣಿ. ಮೊದಲು ನಿಮ್ಮ ತಾಟಿಗೆ ಎಷ್ಟು ಬೇಕೋ ಅಷ್ಟು ಬಡಿಸಿಕೊಂಡು ಕೂರಿ, ಆಮೇಲೆ ಅವರು ಎಷ್ಟು ಬೇಕಾದರೂ ಹಾಕಿಕೊಳ್ಳಲಿ. ನೀವು ಅವರ ಮುಖ ನೋಡಿಕೊಂಡು ಮಾತಾಡಿ. ಒಂದು ವರ್ಷ ನನ್ನ ನೆಗೆಣ್ಣಿ ಒಬ್ಬಳೇ ಕೂತು ಉಂಡಳು. ನಾನು ಯಾಕೆ ಎದ್ದು ಹೋಗುತ್ತಿದ್ದೆ ಅಂತ ಅವಳಿಗೆ ತಿಳಿಯಲಿಲ್ಲ, ತನ್ನ ಕೈಯಡುಗೆ ನನಗೆ ಸೇರಲಿಲ್ಲ ಅಂದುಕೊಂಡಿದ್ದಳಂತೆ. ಆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಸುತ್ತ ಕೂತಾಗ ಅವಳು ಇದನ್ನು ಹೇಳಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಒಂದನ್ನು ಮುರಿದು ಅರ್ಧ ನನ್ನ ತಾಟಿಗೆ ಇಟ್ಟಳು, ಅರ್ಧ ತಾನು ತಗೊಂಡಳು.